ರಬ್ಬರಿನ ಹುಡಿ

ದೂಮಪ್ಪ ಕರ್ಕೇರ ಮಾಸ್ಟ್ರ ಪುಸ್ತಕಗಳು
ಬೊಕ್ಕಪಟ್ಣದಿಂದ ಟೆಂಪೋದಲ್ಲಿ ಬಂದವು,
ಐಸ್ ಪೆಟ್ಟಿಗೆ ಸಾಗಿಸುವ ಟೆಂಪೋ;
ಹಳಗನ್ನಡದ ಕಟ್ಟುಗಳಿಗೂ ತುಸು
ಬಂಗುಡೆಯ ವಾಸನೆ.

ಎರಡು ಸಾವಿರದ ಮುನ್ನೂರ ಹದಿನಾಲ್ಕು.
ಗಿಲ್ಬರ್ಟ್ ಇಳಿಸಿದ, ನಾನು ಎಣಿಸಿದೆ.
ಪ್ರಾಂಶುಪಾಲರ ಚೀಟಿ ಮೊದಲೇ ಬಂದಿತ್ತು:
'ದಾನದ ಪುಸ್ತಕಗಳಲ್ಲಿ ಪೆನ್ಸಿಲ್ ಗುರುತುಗಳಿದ್ದರೆ
ಉಜ್ಜಿ ಸ್ವಚ್ಛ ಮಾಡಿ, ಆಮೇಲೆ ಮೊಹರು.'
ಜೊತೆಗೆ ಒಂದು ಡಜನ್ ರಬ್ಬರ್.

ಕಳೆದ ಭಾನುವಾರವಷ್ಟೇ ಪುರಭವನದಲ್ಲಿ ನುಡಿನಮನ.
ಒಬ್ಬರು ಎದ್ದು 'ಅಜಾತಶತ್ರು' ಎಂದರು.
ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.
ಈ ಊರಲ್ಲಿ ಪದ್ಯ ಬರೆದವರೆಲ್ಲ
ಒಮ್ಮೆಯಾದರೂ ಅವರನ್ನು ದೂರದಿಂದ ಕಂಡು
ಹಂಪನಕಟ್ಟೆಯಲ್ಲಿ ರಸ್ತೆ ದಾಟಿದವರು.
ಧಕ್ಕೆಯ ಹೆಂಗಸರಿಗೂ ಗೊತ್ತಿತ್ತು,
ಕಿವಿರು ಎತ್ತಿ ಕೆಂಪು ನೋಡದೆ
ಒಂದು ಬೂತಾಯಿಯನ್ನೂ ಕೊಂಡವರಲ್ಲ.
'ಮಾಸ್ಟ್ರ್ ಬತ್ತೆರ್' ಎಂದೊಡನೆ
ನಿನ್ನೆಯ ಮೀನು ಬುಟ್ಟಿಯ ಅಡಿಗೆ ಹೋಗುತ್ತಿತ್ತಂತೆ.

ಆಮೇಲೆ ಆ ಮಾತು ಬಂತು, ಬರಲೇಬೇಕಿತ್ತು,
ಅವರ ಹೆಸರಿಗೆ ಬಾಲದ ಹಾಗೆ ಅಂಟಿದ ಮಾತು,
ಸುಗಂಧಿ ಉಚ್ಚಿಲ್ ಅವರ ಮೊದಲ ಸಂಕಲನದ ಮೇಲೆ
ಎಪ್ಪತ್ತೆಂಟರಲ್ಲಿ ಬರೆದದ್ದು:
'ಹಪ್ಪಳದ ಮೇಲೆ ಬರೆದ ಪದ್ಯಗಳು.
ಸದ್ದು ಇದೆ, ಹೊಟ್ಟೆ ತುಂಬುವುದಿಲ್ಲ.'
ಸಭೆ ನಕ್ಕಿತು. ನಾನೂ ನಕ್ಕೆ.
ತರಗತಿಯಲ್ಲಿ ಕಲಿತ ನಗು ಅದು,
ನಮ್ಮ ಮಾಸ್ಟ್ರುಗಳೂ ಅಲ್ಲೇ ಕಲಿತದ್ದು.
ಸುಗಂಧಿ ಆಮೇಲೆ ಏನು ಬರೆದರು
ಎಂದು ಯಾರೂ ಕೇಳಲಿಲ್ಲ.

ಉಜ್ಜಲು ಕೂತೆ.
ಸುಣ್ಣದ ಗೋಡೆಯ ಮೇಲೆ ಇರುವೆ ಹರಿದಂಥ ಅಕ್ಷರ.
'ಇಲ್ಲಿ ಕವಿಗೆ ನಿದ್ದೆ.' ಉಜ್ಜಿದೆ.
'ಈ ಉಪಮೆ ಬಾಡಿಗೆಯದು.' ಉಜ್ಜಿದೆ.
ನುಡಿನಮನದಲ್ಲಿ ಗದ್ಗದರಾದವರ ಮಹಾಪ್ರಬಂಧ,
ಪುಟ ಹನ್ನೊಂದು, ಅಂಚಿನಲ್ಲಿ:
'ವಾಹನ ಇನ್ನೂ ಹೊರಟಿಲ್ಲ.'
ಅದನ್ನು ಉಜ್ಜುವಾಗ ಕೈ ನಿಧಾನವಾಯಿತು, ಸುಳ್ಳೇಕೆ.
ಒಂದು ಕಂದಪದ್ಯದ ಪಕ್ಕ ಬರೀ 'ಆಹಾ',
ಕೊನೆಯ ದೀರ್ಘವನ್ನು ಎಳೆದೂ ಎಳೆದೂ
ಪುಟದಾಚೆ ಮೇಜಿಗೂ ಹೋಗಿರಬೇಕು ಆ ಗೆರೆ.
ಅದನ್ನು ಬಿಟ್ಟೆ.

ಮೂರನೇ ದಿನ ಅವರದೇ ಪುಸ್ತಕ ಸಿಕ್ಕಿತು,
ಬೆನ್ನು ಕಿತ್ತು, ದಾರ ಹೊರಬಂದು.
ಹಪ್ಪಳದ ಸಾಲಿನ ಕೆಳಗೆ ಗೆರೆ.
'ಚುರುಕಿದೆ. ನ್ಯಾಯ ಇಲ್ಲ.
ಇಪ್ಪತ್ತಾರನೆಯ ಪುಟದವರೆಗೆ ನಾನು ಓದಿರಲಿಲ್ಲ.'
ಕೆಳಗೆ, ಬೇರೆ ಪೆನ್ಸಿಲಿನಲ್ಲಿ:
'ಉಚ್ಚಿಲಕ್ಕೆ ಹೋಗಬೇಕು.'
ಇನ್ನೂ ಕೆಳಗೆ, ನಡುಗಿದ ಕೈ:
'ಹೋದೆ. ಉತ್ತರಕ್ರಿಯೆ ಮುಗಿದು ಒಂಬತ್ತು ದಿನ.
ಮಗಳು ಚಾ ಕೊಟ್ಟಳು.
ನಾನು ಯಾರೆಂದು ಹೇಳಲಿಲ್ಲ.'

ಗಿಲ್ಬರ್ಟ್ ಮೊಹರು ಹಿಡಿದು ನಿಂತಿದ್ದ.
'ಇದೂ ಉಜ್ಜಲಿಕ್ಕುಂಟಾ, ಮೇಡಂ?'
ಸೆರಗಿನಲ್ಲಿ, ಉಗುರಿನ ಸಂದಿಯಲ್ಲಿ ರಬ್ಬರಿನ ಹುಡಿ,
ಅದರಲ್ಲಿ ಯಾವ ಮಾತು ಯಾವುದೆಂದು
ಇನ್ನು ಹೇಳಲು ಬರುವುದಿಲ್ಲ.

ನಮ್ಮ ಕಪಾಟುಗಳಲ್ಲಿ ಸುಗಂಧಿಯವರನ್ನು ಹುಡುಕಿದೆ.
ಇಲ್ಲ. ಎಪ್ಪತ್ತೊಂಬತ್ತರ ಫೈಲಿನಲ್ಲಿ ಟಿಪ್ಪಣಿ:
'ವಿಮರ್ಶೆ ನೋಡಲಾಗಿ, ಖರೀದಿ ಅನಗತ್ಯ.'

ಸಿಕ್ಕಿದ್ದು ಬೊಕ್ಕಪಟ್ಣದ ರಾಶಿಯಲ್ಲೇ,
ಕೈಯಗಲದ ತೆಳ್ಳಗಿನ ಪುಸ್ತಕ.
ಬಿಟ್ಟರೆ ಇಪ್ಪತ್ತಾರಕ್ಕೇ ತೆರೆಯುತ್ತದೆ,
ಮೂಲೆ ಬೆರಳಿನ ಎಣ್ಣೆಗೆ ಕಂದಿದೆ.
ಪದ್ಯದ ಸುತ್ತ ಒಂದು ಗುರುತೂ ಇಲ್ಲ,
ಉಜ್ಜಲು ಏನೂ ಇರಲಿಲ್ಲ.
ನಿಂತೇ ಓದಿದೆ. ಗಿಲ್ಬರ್ಟ್ ಕೇಳಿಸಿಕೊಂಡ.
'ಇದಕ್ಕೆ ಮೊದಲು ಒತ್ತು' ಎಂದೆ.

ರಿಜಿಸ್ಟರಿನಲ್ಲಿ ಈಗ ಎರಡು ಸಾವಿರದ ಮುನ್ನೂರ ಹದಿಮೂರು.
ಲೆಕ್ಕ ತಪ್ಪಿದೆ ಎಂದು ಆಡಿಟಿನವರು ಬರೆದಾರು.
ಮಾಸ್ಟ್ರದ್ದು ನನ್ನ ಡ್ರಾಯರಿನಲ್ಲಿದೆ,
ಬಿಚ್ಚದ ಒಂಬತ್ತು ರಬ್ಬರುಗಳ ಜೊತೆ.